ಹಬ್ಬದ ಮನೆಯ ಆರೋಗ್ಯ

(ಕೊಕ್ಕರ್ಣೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



 ವಿಷಯ ಯಾವುದಾದರೂ ಆಗಲಿ, ಕೇಳಿದವರು ಮನೆಗೆ ಹೋದ ಮೇಲೆ ಬಳಸುವಂತಿರಲಿ ಎಂದು ಈ ಉಪನ್ಯಾಸದ ಸಂಘಟಕರು ಹೇಳಿದ್ದರು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಬ್ಬ, ಮದುವೆ, ರಜೆಯ ಕಾಲದ ಆರೋಗ್ಯವನ್ನು ಇವತ್ತು ಆರಿಸಿಕೊಂಡಿದ್ದೇನೆ.

ಕೊಕ್ಕರ್ಣೆಯ ಸುತ್ತಿನಲ್ಲಿ ವೈದ್ಯೆಯಾಗಿ ದುಡಿಯುವ ನನಗೆ ವರ್ಷದ ಕೆಲವು ದಿನಗಳ ರೋಗಿಗಳು ಯಾರೆಂದು ಮೊದಲೇ ಅಂದಾಜಿರುತ್ತದೆ. ಚೌತಿಯ ಮರುದಿನ, ಹೊಸ ಅಕ್ಕಿಯ ಹೊಸ್ತಿನ ಊಟ ಮುಗಿದ ಸಂಜೆ, ದೀಪಾವಳಿಯ ವಾರ, ಏಪ್ರಿಲ್–ಮೇ ತಿಂಗಳ ಮದುವೆಗಳ ಸಾಲು. ಆಗ ಬರುವವರಲ್ಲಿ ಹೊಸ ಕಾಯಿಲೆಯವರು ಕಡಿಮೆ. ಸಕ್ಕರೆ ಏರಿದವರು, ಸಕ್ಕರೆ ಇಳಿದವರು, ಬಿ.ಪಿ. ಮಾತ್ರೆಯನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದವರು, ವಾಂತಿಭೇದಿ ಹಿಡಿದ ಮಕ್ಕಳು, ಸೊಂಟ ಹಿಡಿದುಕೊಂಡ ಅತ್ತಿಗೆಯರು, ರಾತ್ರಿಯಿಡೀ ನಿದ್ದೆಗೆಟ್ಟು ತಲೆ ತಿರುಗಿದ ಅಜ್ಜಯ್ಯಂದಿರು. ಇವರಿಗೆಲ್ಲ ನಾವು ವೈದ್ಯರು ಹೇಳುತ್ತ ಬಂದದ್ದು ಒಂದೇ ಮಾತು: ಸ್ವಲ್ಪ ಹಿಡಿತದಲ್ಲಿ ಇರಿ.

ಈ ಬುದ್ಧಿಮಾತು ಸಾಲದು ಎನ್ನುವುದೇ ಇವತ್ತು ನಾನು ಹೇಳಬೇಕೆಂದಿರುವುದು. ಹಬ್ಬದ ದಿನ ಒಬ್ಬ ಮನುಷ್ಯನ ಊಟ, ನಿದ್ದೆ, ಮಾತ್ರೆಯ ಹೊತ್ತು ಅವನ ಕೈಯಲ್ಲಿ ಇರುವುದಿಲ್ಲ. ಪೂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಎಲೆ ಯಾವಾಗ ಹಾಕುತ್ತಾರೆ, ಯಾರಿಗೆ ಕೋಣೆ, ಯಾರಿಗೆ ಜಗಲಿ, ಬಡಿಸುವವರು ಯಾರು, ಕೊನೆಗೆ ಉಣ್ಣುವವರು ಯಾರು, ಇವನ್ನೆಲ್ಲ ತೀರ್ಮಾನಿಸುವುದು ಮನೆ. ಹಾಗಿರುವಾಗ ಹಬ್ಬದ ಆರೋಗ್ಯವನ್ನು ಒಬ್ಬೊಬ್ಬರ ಸಂಯಮಕ್ಕೆ ಬಿಟ್ಟುಕೊಟ್ಟು ಕೂರುವುದು ಸರಿಯಲ್ಲ. ಮನೆಯವರೆಲ್ಲ ಕೂಡಿ ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡು ಅದು.

ಊರು ಸೇರುವ ದಾರಿ

ನಮ್ಮ ಕಡೆಯ ಹಬ್ಬ ಶುರುವಾಗುವುದೇ ದಾರಿಯಲ್ಲಿ. ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೋದ ಹಿಂದಿನ ತಲೆಮಾರಿನವರು ಊರಿಗೆ ಬರುವುದೆಂದರೆ ಹಡಗು, ಆಮೇಲೆ ದಿನಗಟ್ಟಲೆಯ ಬಸ್ಸು. ಬಂದವರು ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿಯಲ್ಲಿ ರೈಲು ಹತ್ತಿದವರು ಬಾರ್ಕೂರಿನಲ್ಲೋ ಉಡುಪಿಯಲ್ಲೋ ಕುಂದಾಪುರದಲ್ಲೋ ಇಳಿಯುವಂತಾಯಿತು. ಬೆಂಗಳೂರಿನ ಮಕ್ಕಳಂತೂ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳುತ್ತಾರೆ. ದಾರಿ ಸಲೀಸಾದ ಹಾಗೆ ಊರಿನಲ್ಲಿ ನಿಲ್ಲುವ ದಿನಗಳು ಕಡಿಮೆಯಾದವು. ಎರಡು ದಿನದ ರಜೆಯಲ್ಲಿ ಮೂಲಮನೆಯ ಪೂಜೆ, ನಾಗಬನ, ಒಂದು ಮದುವೆ, ನಾಲ್ಕು ನೆಂಟರ ಮನೆ. ಪ್ರಯಾಣದ ದಣಿವು ಆರುವುದಕ್ಕೆ ಒಂದು ಪೂರ್ತಿ ರಾತ್ರಿಯೂ ಸಿಗುವುದಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ನಿದ್ದೆಗಣ್ಣಿನಲ್ಲಿ ಕಾರು ಓಡಿಸುವವರ ಬಗ್ಗೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಅದರಲ್ಲಿ ಕಂಡುಬಂತು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿರುವ ಮಿತಿ 30 ಮಿಲಿಗ್ರಾಂ. ಈಗ ಲೆಕ್ಕ ಹಾಕಿ. ಬೆಳಿಗ್ಗೆ ಆರಕ್ಕೆ ಎದ್ದು, ಆಫೀಸು ಮುಗಿಸಿ, ಸಂಜೆ ಏಳೂವರೆಗೆ ಬೆಂಗಳೂರಿನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ 17 ಗಂಟೆ ತುಂಬುತ್ತದೆ. ಅವನಿಗೆ ಶಿರಾಡಿ ಘಾಟಿ ಇನ್ನೂ ಮುಂದಿದೆ. ಹನಿ ಮದ್ಯ ಮುಟ್ಟದಿದ್ದರೂ ಅವನು ಕುಡಿದವನಷ್ಟೇ ಅಪಾಯದಲ್ಲಿದ್ದಾನೆ. ಜೊತೆಗೆ ಹೆಂಡತಿ ಮಕ್ಕಳಿದ್ದಾರೆ.

ಅವನನ್ನು ಆ ಹೊತ್ತಿನಲ್ಲಿ ಹೊರಡಿಸಿದ್ದು ಯಾರು? ಬೆಳಗಿನ ಪೂಜೆಗೆ ನೀನು ಇಲ್ಲದಿದ್ದರೆ ಹೇಗೆ ಎಂದು ಫೋನಿನಲ್ಲಿ ಕೇಳಿದ ನಾವೇ. ಮನೆಯ ಹಿರಿಯರು ಇಲ್ಲಿ ಒಂದು ಮಾತು ಬದಲಿಸಿದರೆ ಸಾಕು. ‘ರಾತ್ರಿ ಮಲಗಿ ಬೆಳಿಗ್ಗೆ ಹೊರಡು, ನೀನು ಬಂದ ಮೇಲೆಯೇ ಎಲೆ ಹಾಕುವ’ ಎನ್ನಿ. ರಾತ್ರಿಯೇ ಬರಬೇಕಾದರೆ ಬಸ್ಸೋ ರೈಲೋ ಆಗಲಿ. ಕಾರೇ ಬೇಕೆಂದರೆ ಓಡಿಸುವವರು ಇಬ್ಬರಿರಲಿ. ಆಕಳಿಕೆ ಮೇಲಿಂದ ಮೇಲೆ ಬಂದರೆ, ಈಗ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ, ಕಿಟಕಿ ಇಳಿಸುವುದರಿಂದಲೂ ಹಾಡು ಜೋರು ಮಾಡುವುದರಿಂದಲೂ ಪ್ರಯೋಜನವಿಲ್ಲ. ಬೆಳಕಿರುವ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಇಪ್ಪತ್ತು ನಿಮಿಷ ಮಲಗಲೇಬೇಕು.

ಕುಳಿತೇ ಇರುವುದೂ ದೇಹಕ್ಕೆ ಒಳ್ಳೆಯದಲ್ಲ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿತು. ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಆಗುವಂಥದ್ದು, ಹೆದರಬೇಕಾಗಿಲ್ಲ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಬಾಣಂತಿಯರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಹೊರಡುವ ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದು, ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಎಂದು ನೀರನ್ನೇ ಬಿಡುವ ಹೆಂಗಸರು ಬಹಳ ಜನ. ಅದರಿಂದ ತಲೆನೋವು, ಮೂತ್ರದ ಉರಿ, ಮಲಬದ್ಧತೆ ಮೂರೂ ಊರಿಗೆ ಜೊತೆಯಲ್ಲೇ ಬರುತ್ತವೆ. ಊರಿಗೆ ಬಂದ ಮೇಲೆ ಒಂದೇ ಕಾಲು ಊದಿ ನೋವಾದರೆ, ಏಕಾಏಕಿ ಉಸಿರು ಕಟ್ಟಿದರೆ ಎಣ್ಣೆ ತಿಕ್ಕುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳದ ಮಕ್ಕಳು ಅಪರೂಪ. ದೇಹ ಓಲಾಡುತ್ತಿದೆ ಎಂದು ಒಳಕಿವಿ ಹೇಳುತ್ತಿರುತ್ತದೆ, ಮೊಬೈಲು ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಗೊಂದಲವೇ ವಾಂತಿಗೆ ಕಾರಣ. ದೊಡ್ಡವರಾದರೆ ಮುಂದಿನ ಸೀಟಿನಲ್ಲಿ, ಚಿಕ್ಕ ಮಕ್ಕಳಾದರೆ ಹಿಂದಿನ ಸೀಟಿನ ನಡುವೆ ಎದುರಿನ ದಾರಿ ಕಾಣುವಂತೆ ಕೂತು, ದೂರದ ಗುಡ್ಡ ನೋಡುತ್ತ ಇದ್ದರೆ ಅರ್ಧ ಕಡಿಮೆಯಾಗುತ್ತದೆ. ಹೊಟ್ಟೆ ತೀರ ಖಾಲಿಯೂ ಬೇಡ, ಮಸಾಲೆದೋಸೆ ತುಂಬಿಯೂ ಬೇಡ. ಮಾತ್ರೆ ತೆಗೆದುಕೊಳ್ಳುವುದಾದರೆ ಘಾಟಿ ಹತ್ತುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಆಗಬೇಕು. ಆ ಮಾತ್ರೆಗಳಿಂದ ಮಂಪರು ಬರುವುದರಿಂದ ಗಾಡಿ ಓಡಿಸುವವರು ತೆಗೆದುಕೊಳ್ಳಬಾರದು.

ದಿನಾ ಮಾತ್ರೆ ನುಂಗುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಸ್ಸಿನ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಲ್ಲ. ಎರಡು ದಿನಕ್ಕೆ ಹೊರಟರೂ ನಾಲ್ಕು ದಿನದ್ದು ಇರಲಿ, ವೈದ್ಯರ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗಿದ್ದರೂ ಕೆಡುವುದಿಲ್ಲ. ಆದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ದಿನದಲ್ಲೇ ಅದರ ಶಕ್ತಿ ಹೋದೀತು. ಫ್ರಿಜ್ಜಿನ ಮಂಜುಗಡ್ಡೆಯ ಅಂಕಣದಲ್ಲಿಟ್ಟರೆ ಹೆಪ್ಪುಗಟ್ಟಿ ಹಾಳು. ಫ್ರಿಜ್ಜಿಲ್ಲದ ಕಡೆ ನೀರು ತುಂಬಿದ ಅಗಲ ಪಾತ್ರೆಯಲ್ಲಿ ಸಣ್ಣ ಮಣ್ಣಿನ ಮಡಕೆ ಕೂರಿಸಿ, ನೀರು ತಾಗದಂತೆ ಕಟ್ಟಿ ಅದರೊಳಗಿಟ್ಟರೆ ತಣ್ಣಗಿರುತ್ತದೆ.

ಎಲೆಯ ಮುಂದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿಗೆ ರಕ್ತದೊತ್ತಡ. ಆ ಸರಾಸರಿಯಲ್ಲಿ ನೋಡಿದರೆ ಇಪ್ಪತ್ತು ದೊಡ್ಡವರು ಕೂತ ಒಂದು ಪಂಕ್ತಿಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ, ಏಳು ಜನರಿಗೆ ಬಿ.ಪಿ. ಅಂದರೆ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಅಡುಗೆ ಮಾಡದ ಮನೆ, ತನ್ನ ಪಂಕ್ತಿಯ ಮೂರನೇ ಒಂದು ಭಾಗವನ್ನು ಮರೆತ ಹಾಗೆ.

ನಮ್ಮ ಹಳೆಯ ಹಬ್ಬದಡುಗೆಯ ಮೇಲೆ ನನಗೆ ದೂರಿಲ್ಲ. ಕೊಟ್ಟೆ ಕಡುಬು, ಮೂಡೆ, ಪತ್ರೊಡೆ, ಅರಶಿನ ಎಲೆಯ ಗೆಣಸಲೆ, ಇವೆಲ್ಲ ಎಲೆಯೊಳಗೆ ಹಬೆಯಲ್ಲಿ ಬೆಂದವು, ಎಣ್ಣೆಯಲ್ಲಿ ಕರಿದವಲ್ಲ. ಬಡಿಸುವ ಕ್ರಮವೂ ಒಳ್ಳೆಯದೇ. ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲು ಎಲೆಗೆ ಬರುತ್ತವೆ. ತರಕಾರಿ ಬೇಳೆಗಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಉಂಡರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಸಕ್ಕರೆ ಕಾಯಿಲೆಯವರು ಕೋಸಂಬರಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಲಿ, ಅನ್ನವನ್ನು ಒಂದೇ ಸಲಕ್ಕೆ ನಿಲ್ಲಿಸಲಿ, ಪಾಯಸ ಎರಡು ಚಮಚ ಸವಿಯಲಿ. ಉಂಡ ಕೂಡಲೆ ಜಗಲಿಯಲ್ಲಿ ಒರಗದೆ ತೋಟದವರೆಗೆ ಕಾಲು ಗಂಟೆ ನಡೆದು ಬರಲಿ. ನಡೆಯುವ ಕಾಲಿನ ಸ್ನಾಯುಗಳು ಊಟದ ಸಕ್ಕರೆಯನ್ನು ಆಗಲೇ ಬಳಸಿಕೊಳ್ಳುತ್ತವೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಈ ಮೂರರಲ್ಲಿ ಉಪ್ಪು ಕೂತಿರುತ್ತದೆ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೃದಯ ದುರ್ಬಲವಾದವರು ಹಬ್ಬದ ಎರಡು ದಿನ ಇವನ್ನು ಮನಸೋಕ್ತ ತಿಂದು ಮೂರನೇ ರಾತ್ರಿ ಉಸಿರುಕಟ್ಟಿ ಬರುವುದನ್ನು ನಾನು ಕಂಡಿದ್ದೇನೆ.

ತೊಂದರೆ ಇರುವುದು ಒತ್ತಾಯದಲ್ಲಿ. ‘ಇನ್ನೊಂದ್ ಚೂರ್ ಹಾಯ್ಕಣಿ’ ಎನ್ನುವುದು ನಮ್ಮ ಪ್ರೀತಿ, ನಿಜ. ಆದರೆ ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಲ್ಲಿ ಹೋಳಿಗೆ ಜಾರಿಸುವುದು ಉಪಚಾರವಲ್ಲ. ಕೈ ಅಡ್ಡ ಬಂದರೆ ಮುಂದಿನ ಎಲೆಗೆ ಹೋಗಬೇಕೆಂದು ಬಡಿಸುವ ಹುಡುಗರಿಗೆ ಮನೆಯ ಯಜಮಾನರೇ ಹೇಳಿಕೊಡಬೇಕು. ಉಂಡವರು ಬಿಟ್ಟದ್ದನ್ನು ನೋಡಿ ಮುಖ ಸಣ್ಣ ಮಾಡುವುದನ್ನೂ ನಾವು ಬಿಡಬೇಕು.

ಒಂದು ಹಬ್ಬದೂಟದಿಂದ ಯಾರೂ ಕೆಡುವುದಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 195 ಜನರನ್ನು ಹಬ್ಬಗಳ ಋತುವಿನಲ್ಲಿ ತೂಗಿ ನೋಡಿದ ಒಂದು ಅಧ್ಯಯನ 2000ರಲ್ಲಿ ಬಂತು. ಸರಾಸರಿ ಏರಿದ್ದು ಅರ್ಧ ಕಿಲೋಗಿಂತಲೂ ಕಡಿಮೆ, 370 ಗ್ರಾಂ. ಚಿಂತೆಯ ವಿಷಯವೆಂದರೆ ಹಬ್ಬ ಕಳೆದು ತಿಂಗಳುಗಳಾದರೂ ಅದು ಇಳಿಯಲಿಲ್ಲ. ವರ್ಷವರ್ಷವೂ ಹೀಗೆ ಕೂಡುತ್ತ ಹೋದರೆ ನಡುವಯಸ್ಸಿಗೆ ಸೊಂಟದ ಸುತ್ತ ಉಳಿಯುವುದು ಅದೇ. ಕೆಡಿಸುವುದು ಹಬ್ಬದ ಒಂದು ಹೊತ್ತಿನ ಊಟವಲ್ಲ, ಹಬ್ಬದ ಹಿಂದುಮುಂದಿನ ಹೊತ್ತುಗಳು: ಹನ್ನೊಂದು ಗಂಟೆಯ ಚಕ್ಕುಲಿ, ಸಂಜೆಯ ಬಾಟಲಿ ಪಾನೀಯ, ರಾತ್ರಿ ಮತ್ತೆ ಹೋಳಿಗೆ, ಮರುದಿನ ಹೊರಗಿನಿಂದ ತರಿಸಿದ ಗೋಬಿ ಮಂಚೂರಿ. ಇದಕ್ಕೆ ಮದ್ದು ನಮ್ಮ ಮನೆಯಲ್ಲೇ ಇದೆ. ಹಬ್ಬದ ಮಧ್ಯಾಹ್ನ ಹಬ್ಬದೂಟ, ಅಂದಿನ ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಒಂದು ತಂಬುಳಿ. ಬೆಂಗಳೂರಿನ ಮಕ್ಕಳಿಗೂ ಊರಿನ ಗಂಜಿ ಬೇಕೇ ಬೇಕು. ಅಡುಗೆಯವರಿಗೂ ಅಷ್ಟು ಬಿಡುವು ಸಿಗುತ್ತದೆ.

ಮಿಕ್ಕಿದ ಅಡುಗೆಯ ವಿಷಯದಲ್ಲಿ ಕಟ್ಟುನಿಟ್ಟು ಬೇಕು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಕರಾವಳಿಯ ಸೆಕೆಯಲ್ಲಿ ಒಲೆಯಿಂದ ಇಳಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹಾಗೇ ಇರಬಾರದು. ಹಂಡೆಯಲ್ಲಿ ಉಳಿದ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣು ವಿಷವನ್ನು ಬಿಡುತ್ತದೆ, ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಊಟ ಮುಗಿದ ಕೂಡಲೆ ಅನ್ನವನ್ನು ಅಗಲ ತಟ್ಟೆಗಳಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಹಾಕಿ. ಹಾಕಲು ಜಾಗವಿಲ್ಲದಿದ್ದರೆ ಹಂಚಿಬಿಡಿ, ಸಂಜೆಯವರೆಗೆ ಇಟ್ಟು ಮರುದಿನ ಚಿತ್ರಾನ್ನ ಮಾಡುವ ಯೋಚನೆ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಬಾವಿಯ ತಳದ ನೀರನ್ನು ಕುದಿಸದೆ ಪಾನಕಕ್ಕೆ ಬಳಸಬೇಡಿ.

ಆದರೂ ವಾಂತಿಭೇದಿ ಬಂದರೆ ಕೊಡಲು ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಸಕ್ಕರೆಯ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ತತ್ವ ಇವತ್ತು ಹತ್ತಾರು ರೂಪಾಯಿಯ ಪೊಟ್ಟಣದಲ್ಲಿದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಟೀ ಚಮಚವೇ ಆಗಿರಬೇಕು, ಉಪ್ಪು ಹೆಚ್ಚಾಗಬಾರದು.

ಎದೆನೋವು ಮತ್ತು ಹಬ್ಬದ ಸಂಕೋಚ

ಹೇಳಲು ಕಷ್ಟವಾದ ಎರಡು ವಿಷಯಗಳಿವೆ. ಒಂದು, ಕುಡಿತ. ಹಿತ್ತಿಲಲ್ಲಿ, ಕಾರಿನ ಮರೆಯಲ್ಲಿ ನಡೆಯುವ ಹಬ್ಬದ ಕುಡಿತ ಎಲ್ಲರಿಗೂ ಗೊತ್ತು. ರಜೆಯ ದಿನಗಳಲ್ಲಿ ವಿಪರೀತ ಕುಡಿದವರ ಹೃದಯದ ಬಡಿತ ಲಯ ತಪ್ಪುವುದನ್ನು 1978ರಲ್ಲಿ ಅಮೆರಿಕದ ಎಟಿಂಗರ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಗುರುತಿಸಿ ದಾಖಲಿಸಿದರು. ಮೊದಲು ಹೃದಯದ ಕಾಯಿಲೆ ಇಲ್ಲದವರಿಗೂ ಅದು ಆಗಬಹುದು. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ, ಸುತ್ತಲಿನವರು ಅಮಲೆಂದು ತಿಳಿದು ಮಲಗಿಸುತ್ತಾರೆ. ಇಂಥ ಸಾವು ನಿಲ್ಲಿಸಬಹುದಾದ ಸಾವು.

ಇನ್ನೊಂದು, ತಡ ಮಾಡುವುದು. ಅಮೆರಿಕದಲ್ಲಿ ಹೃದಯದ ಕಾಯಿಲೆಯಿಂದಾಗುವ ಸಾವು ವರ್ಷದ ಉಳಿದ ದಿನಗಳಿಗಿಂತ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ ಹೆಚ್ಚು ಎಂದು 2004ರ ಅಧ್ಯಯನವೊಂದು ತೋರಿಸಿತು. ಹಬ್ಬ ಕೆಡಿಸುವುದು ಬೇಡ ಎಂದು ಜನ ಆಸ್ಪತ್ರೆಗೆ ಹೋಗುವುದನ್ನು ಮುಂದೆ ಹಾಕುವುದು ಕಾರಣಗಳಲ್ಲೊಂದಾಗಿರಬಹುದು ಎಂದು ಸಂಶೋಧಕರು ಊಹಿಸಿದರು. ನಮ್ಮಲ್ಲೂ ಇದೇ ಆಗುತ್ತದೆ. ಮನೆ ತುಂಬ ನೆಂಟರು, ಅಜ್ಜಯ್ಯನಿಗೆ ಎದೆ ಹಿಡಿದ ಹಾಗೆ, ಗ್ಯಾಸ್ ಇರಬೇಕೆಂದು ಓಮದ ನೀರು, ಸೋಡಾ, ಬೆಳಗಾಗಲಿ ನೋಡುವ. ಎದೆಯ ಮಧ್ಯೆ ಭಾರ, ತಣ್ಣನೆ ಬೆವರು, ಎಡತೋಳಿಗೋ ದವಡೆಗೋ ಹರಿಯುವ ನೋವು ಕಂಡರೆ ಬೆಳಗಿನವರೆಗೆ ಕಾಯುವ ಮಾತೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಕಾಣಿಸಿಕೊಳ್ಳಬಹುದು. 108ರ ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ. ಹಬ್ಬದ ಮನೆಯಲ್ಲಿ ರಾತ್ರಿ ಓಡಿಸಲು ಸಿದ್ಧವಿರುವ ಒಂದು ಕಾರು, ಕುಡಿಯದ ಒಬ್ಬ ಚಾಲಕ ಯಾರೆಂದು ಮೊದಲೇ ಗೊತ್ತಿರಲಿ.

ಅಡುಗೆಮನೆಯೊಳಗೆ

ಒಂದು ಹೊಸ್ತಿನ ಸಂಜೆ ಐವತ್ತರ ಮೇಲಿನ ಗೃಹಿಣಿಯೊಬ್ಬರನ್ನು ಮಗ ಕಾರಿನಲ್ಲಿ ಕರೆತಂದ. ಸೆರಗು ಬೆವರಿನಲ್ಲಿ ತೊಯ್ದಿತ್ತು. ಕೈ ನಡುಗುತ್ತಿತ್ತು, ಉಗುರಿನ ಸುತ್ತ ತೆಂಗಿನಕಾಯಿ ತುರಿ ಒಣಗಿ ಅಂಟಿತ್ತು. ಬೆರಳ ತುದಿಯ ರಕ್ತ ನೋಡಿದರೆ ಸಕ್ಕರೆ 48. ಎಚ್ಚರವಿತ್ತು, ನುಂಗಲು ಬರುತ್ತಿತ್ತು. ಮೂರು ಚಮಚ ಸಕ್ಕರೆ ಕರಡಿದ ನೀರು ಕುಡಿಸಿದೆವು. ಕಾಲು ಗಂಟೆಯಲ್ಲಿ ಕಣ್ಣು ಸರಿಯಾಗಿ ಬಿಟ್ಟರು. ಉಂಡದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ‘ಎಲ್ಲರ್ದೂ ಆಯ್ಲಿ ಅಂದೇಳಿ ಕೂತಿದ್ದೆ ಡಾಕ್ಟ್ರೆ’ ಎಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದವರು ಎಂಟಕ್ಕೆ ಸಕ್ಕರೆ ಮಾತ್ರೆ ನುಂಗಿದ್ದರು, ಮರೆತಿರಲಿಲ್ಲ. ಆ ಮಾತ್ರೆ ಊಟ ಬಂದರೂ ಬಾರದಿದ್ದರೂ ದೇಹದಿಂದ ಇನ್ಸುಲಿನ್ ಹೊರಡಿಸುವ ಜಾತಿಯದು. ಮೂರು ಪಂಕ್ತಿ ಎದ್ದ ಮೇಲೆ, ಎಲೆ ತೆಗೆದು ಪಾತ್ರೆ ಸೇರಿಸಿ, ಇನ್ನೇನು ಬಡಿಸಿಕೊಳ್ಳಬೇಕು ಎನ್ನುವಾಗ ಕಣ್ಣು ಕತ್ತಲೆ ಬಂದು ಒಲೆಯ ಪಕ್ಕ ಕುಸಿದರು. ಆ ಮನೆಯಲ್ಲಿ ಅವತ್ತು ಅವರ ಕೈಯಡುಗೆ ಉಣ್ಣದವರು ಅವರೊಬ್ಬರೇ.

ಈ ತಾಯಿಗೆ ಹಿಡಿತದಲ್ಲಿರಿ ಎಂದು ಹೇಗೆ ಹೇಳಲಿ? ಅವರಷ್ಟು ಹಿಡಿತದಲ್ಲಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ತಪ್ಪಿದ್ದು ಪಂಕ್ತಿಯ ಏರ್ಪಾಡು.

ಅಡುಗೆಯವರು ಕೊನೆಗೆ ಉಣ್ಣಬೇಕೆನ್ನುವ ಪದ್ಧತಿಯನ್ನು ನಾವು ಬಿಡಬೇಕು. ನೈವೇದ್ಯ ಆದ ಕೂಡಲೆ ಮೊದಲ ಪಂಕ್ತಿಯಲ್ಲಿ ಕೂರಬೇಕಾದವರು ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ಮತ್ತು ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವರು. ಬಡಿಸುವುದಕ್ಕೆ ಗಂಡಸರಿದ್ದಾರೆ. ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ ಸೊಂಟಕ್ಕೆ ಶಾಲು ಕಟ್ಟಿ ನೂರಾರು ಎಲೆಗೆ ಚೆಂದವಾಗಿ ಬಡಿಸುವ ನಮ್ಮ ಗಂಡಸರಿಗೆ ಮನೆಯ ಇಪ್ಪತ್ತು ಎಲೆ ಲೆಕ್ಕವೇ ಅಲ್ಲ. ನಡುಹೊತ್ತಿಗೆ ಪೂಜೆ ಮುಗಿಯದೆ ತಡವಾಗುವುದಾದರೆ ಸಕ್ಕರೆ ಕಾಯಿಲೆಯವರು ಉಪವಾಸ ಕೂರಬಾರದು. ಮಾತ್ರೆಯ ಹೊತ್ತು ಹೇಗೆ ಬದಲಿಸಬೇಕೆಂದು ಹಬ್ಬಕ್ಕೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಹೆಚ್ಚುವ, ತುರಿಯುವ ಕೆಲಸಕ್ಕೆ ಮೇಜು ಕುರ್ಚಿ ಕೊಡಿ, ಹಂಡೆ ಇಳಿಸಲು ಇಬ್ಬರಾಗಿ. ನಾಲ್ಕು ಬಗೆ ಕಡಿಮೆಯಾದರೂ ಹಬ್ಬ ಹಬ್ಬವೇ. ರಜೆ ಎನ್ನುವುದು ಅಡುಗೆಮನೆಯವರೆಗೂ ಮುಟ್ಟದಿದ್ದರೆ ಆ ಮನೆಯಲ್ಲಿ ಅರ್ಧ ಜನರಿಗೆ ಹಬ್ಬವಾಗಲಿಲ್ಲವೆಂದೇ ನನ್ನ ಲೆಕ್ಕ.

ನಿದ್ದೆ, ಬಿಸಿಲು, ನೀರು

ದೀಪಾವಳಿಯ ಆಚೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಯವರೆಗೆ ಆಡುತ್ತವೆ. ಮಂದಾರ್ತಿ ಅಮ್ಮನವರ ಹರಕೆ ಆಟ ಮನೆಯಂಗಳಕ್ಕೆ ಬರುವುದು ಕುಟುಂಬದ ದೊಡ್ಡ ಸಂಭ್ರಮ. ಕೋಲ, ಗೆಂಡಸೇವೆಗಳೂ ರಾತ್ರಿಯವೇ. ಇವನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಚೆಂಡೆಯ ಸದ್ದಿಗೆ ಎದ್ದು ಹೋಗುವವಳೇ. ಆಟದ ರಾತ್ರಿಯ ಹಿಂದಿನ ಮಧ್ಯಾಹ್ನ ಎರಡು ಗಂಟೆ ಮಲಗಿಕೊಳ್ಳಿ; ಮರುದಿನ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ. ಅಪಸ್ಮಾರ ಇರುವವರಿಗೆ ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದು, ಅವರು ಮಾತ್ರೆಯನ್ನೂ ನಿದ್ದೆಯನ್ನೂ ತಪ್ಪಿಸಬಾರದು. ವಯಸ್ಸಾದವರ ಕೋಣೆಯನ್ನು ನೆಂಟರಿಗೆ ಬಿಟ್ಟುಕೊಡಿಸಬೇಡಿ. ಗೊತ್ತಿಲ್ಲದ ಜಾಗದಲ್ಲಿ, ಕತ್ತಲಲ್ಲಿ ಬಚ್ಚಲು ಹುಡುಕುತ್ತ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆ ಹಬ್ಬದ ನೋವು ವರ್ಷಗಟ್ಟಲೆ ಇರುತ್ತದೆ.

ಮೇ ತಿಂಗಳ ನಮ್ಮ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದ ದೇಹ ತಣಿಯುವುದಿಲ್ಲ. ತಗಡಿನ ಚಪ್ಪರದಡಿ ರೇಷ್ಮೆಯುಟ್ಟು ಗಂಟೆಗಟ್ಟಲೆ ನಿಲ್ಲುವ ಮದುವೆಯಲ್ಲಿ ಬಾಯಾರುವ ಮೊದಲೇ ನೀರು, ಮಜ್ಜಿಗೆ, ಬೊಂಡ, ಪುನರ್ಪುಳಿ ಕೈಗೆ ಸಿಗುತ್ತಿರಬೇಕು. ಮಾತು ತಡವರಿಸಿ ಮೈ ಕಾದು ಬಿದ್ದವರನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಬೀಸುತ್ತಲೇ ಆಂಬುಲೆನ್ಸಿಗೆ ಹೇಳಿ.

ಊರಿಗೆ ಬಂದ ಹುಡುಗರಿಗೆ ಸೀತಾನದಿ ಕಂಡರೆ ಇಳಿಯುವ ಆಸೆ, ಮರವಂತೆ ಕಂಡರೆ ಕಡಲಿಗೆ ಓಡುವ ಆಸೆ. ನಗರದ ಈಜುಕೊಳದಲ್ಲಿ ಕಲಿತ ಈಜು ಹೊಳೆಯ ಗುಂಡಿಗೆ, ಸುಳಿಗೆ ಸಾಲದು. ಊರಿನವರು ಇಳಿಯದ ಜಾಗಕ್ಕೆ ನೆಂಟರು ಇಳಿಯಬಾರದು. ಕಡಲಿನಲ್ಲಿ ಸೆಳೆತಕ್ಕೆ ಸಿಕ್ಕವರು ನೇರ ದಡದ ಕಡೆಗೆ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಮಳೆಗಾಲದಲ್ಲಿ ಗದ್ದೆಯ ಕೆಸರಿನಾಟ ಆಡುವವರು ಕಾಲಲ್ಲಿ ಗಾಯವಿದ್ದರೆ ಇಳಿಯಬಾರದು, ಇಲಿಜ್ವರ ಅಲ್ಲಿಂದಲೇ ಬರುತ್ತದೆ. ಬೇಸಿಗೆಯಲ್ಲಿ ಘಟ್ಟದ ಕಾಡಿಗೆ ಚಾರಣ ಹೋಗುವವರು ಮಂಗನ ಕಾಯಿಲೆಯ ನೆನಪಿಟ್ಟುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಮೈತುಂಬ ಬಟ್ಟೆಯಿರಲಿ. ಮರಳಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಮನಸ್ಸಿಗೂ ರಜೆ

ಮೈಗೆ ಆರಾಮ ಸಿಕ್ಕಿದರೂ ಮನಸ್ಸು ಮುಳ್ಳಿನ ಮೇಲಿದ್ದರೆ ಅದು ರಜೆಯಲ್ಲ. ಮದುವೆ ಯಾವಾಗ, ಇನ್ನೂ ಮಕ್ಕಳಾಗಲಿಲ್ಲವಾ, ಸಂಬಳ ಎಷ್ಟು, ಪಿಯುಸಿಯಲ್ಲಿ ಎಷ್ಟು ಬಂತು: ಈ ನಾಲ್ಕು ಪ್ರಶ್ನೆಗಳಿಗೆ ಹೆದರಿ ಊರಿಗೆ ಬರುವುದನ್ನೇ ಬಿಟ್ಟ ಯುವಕ ಯುವತಿಯರು ನನ್ನೆದುರು ಕೂತು ಅತ್ತಿದ್ದಾರೆ. ಕೇಳುವವರಿಗೆ ಅದು ಕುಶಲ ಮಾತು, ಕೇಳಿಸಿಕೊಳ್ಳುವವರಿಗೆ ಜಗಲಿಯ ಮೇಲಿನ ವಿಚಾರಣೆ. ದಾರಿ ಹೇಗಿತ್ತು, ನಿದ್ದೆಯಾಯಿತಾ, ಏನು ಮಾಡಿಕೊಡಲಿ ಎಂದು ಕೇಳಿದರೆ ಸಾಕು. ಜಾಗ, ಪಾಲು, ಸಾಲದ ಮಾತನ್ನು ಹಬ್ಬದ ದಿನ ಎತ್ತಬೇಡಿ, ಅದಕ್ಕೆ ಬೇರೆ ದಿನ ಕೂಡಿ. ಆ ವರ್ಷ ಯಾರ ಮನೆಯಲ್ಲಾದರೂ ಸಾವಾಗಿದ್ದರೆ ಆ ಮನೆಗೆ ಹೋಗಿ ತೀರಿಕೊಂಡವರ ಹೆಸರೆತ್ತಿ ಮಾತಾಡಿ. ಮರೆತಂತೆ ನಟಿಸುವುದರಿಂದ ಯಾರ ದುಃಖವೂ ಇಳಿಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ನೆಂಟರು ಹೊರಟ ಮರುದಿನ. ದೊಡ್ಡ ಮನೆ, ಅಜ್ಜಯ್ಯ ಅಮ್ಮಮ್ಮ ಇಬ್ಬರೇ. ಮೂರು ದಿನ ಗಲಾಟೆಯಲ್ಲಿದ್ದವರಿಗೆ ನಾಲ್ಕನೇ ದಿನ ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಬಿ.ಪಿ. ನೋಡಿಸಲು ಬಂದವರು ಬಿ.ಪಿ. ಬಿಟ್ಟು ಮೊಮ್ಮಕ್ಕಳ ಬಗ್ಗೆಯೇ ಮಾತಾಡುತ್ತಾರೆ. ಮಕ್ಕಳೆಲ್ಲ ಒಟ್ಟಿಗೆ ಬಂದು ಒಟ್ಟಿಗೆ ಹೊರಡುವ ಬದಲು ಒಬ್ಬರಾದರೂ ಎರಡು ದಿನ ಹೆಚ್ಚು ನಿಲ್ಲಿ. ಹೋದವರು ಮುಟ್ಟಿದೆವು ಎಂದು ಹೇಳಲು ಮಾಡುವ ಫೋನನ್ನು ಆ ವಾರವಿಡೀ ಮಾಡಿ. ಬೇಸರ ವಾರಗಟ್ಟಲೆ ಹೋಗದಿದ್ದರೆ, ಬದುಕು ಬೇಡವೆನಿಸಿದರೆ, 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ ಅದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಮುಂದಿನ ಹಬ್ಬಕ್ಕೆ ಮೊದಲು

ಹಬ್ಬ ಬಂತೆಂದರೆ ನಾವು ದಿನಸಿ ಚೀಟಿ ಬರೆಯುತ್ತೇವೆ, ಭಟ್ಟರಿಗೆ ಹೇಳುತ್ತೇವೆ, ಸುಣ್ಣಬಣ್ಣ ಮಾಡಿಸುತ್ತೇವೆ. ಅದೇ ಸಂಜೆ ಮನೆಯವರೆಲ್ಲ ಹತ್ತು ನಿಮಿಷ ಕೂತು ಇನ್ನೊಂದು ಚೀಟಿ ಬರೆಯಿರಿ. ಯಾರು ಯಾವ ಮಾತ್ರೆಯಲ್ಲಿದ್ದಾರೆ, ಅವರ ಊಟದ ಹೊತ್ತು ಎಷ್ಟು. ಕಾರಿನಲ್ಲಿ ಬರುವವರು ಹಗಲು ಹೊರಡುವರೇ. ಮೊದಲ ಪಂಕ್ತಿಯಲ್ಲಿ ಯಾರು, ಬಡಿಸುವವರು ಯಾರು. ವಯಸ್ಸಾದವರಿಗೆ ಬಚ್ಚಲಿನ ಹತ್ತಿರದ ಕೋಣೆ ಯಾವುದು. ರಾತ್ರಿ ಆಸ್ಪತ್ರೆಗೆ ಓಡಿಸುವವರು ಯಾರು. ಹಬ್ಬದ ಮರುವಾರ ಅಜ್ಜಯ್ಯನ ಜೊತೆ ಇರುವವರು ಯಾರು. ಆ ಚೀಟಿಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಇದಕ್ಕೆ ದುಡ್ಡು ಬೇಕಿಲ್ಲ, ಡಾಕ್ಟರೂ ಬೇಕಿಲ್ಲ, ಹಬ್ಬದ ರುಚಿಯೂ ಕಡಿಮೆಯಾಗುವುದಿಲ್ಲ. ಒಲೆಯ ಪಕ್ಕ ಕುಸಿದ ಆ ತಾಯಿಯ ಮನೆಯಲ್ಲಿ ಇಂಥ ಒಂದು ಚೀಟಿಯಿದ್ದಿದ್ದರೆ ಅವರು ಮೊದಲ ಪಂಕ್ತಿಯಲ್ಲಿ ಉಂಡು ಏಳುತ್ತಿದ್ದರು.

ಈ ಸಭೆಯಲ್ಲಿರುವ ಪ್ರತಿ ಮನೆಯೂ ಬರುವ ಹೊಸ್ತಿಗೆ ಈ ಕೆಲಸ ಮಾಡಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.